ಅಳತೆ ಪುಸ್ತಕ

ದುರ್ಗಿಗುಡಿಯ ಅಡ್ಡ ಓಣಿಯಲ್ಲಿ ಎಂಟಡಿ ಅಂಗಡಿ ನನ್ನದು.
ಖಾಕಿ ಹೊಲಿಯುತ್ತೇನೆ. ಅಪ್ಪನೂ ಖಾಕಿಯನ್ನೇ ಹೊಲಿದವನು.
ಅಳತೆ ಪುಸ್ತಕದಲ್ಲಿ ಊರಿನ ಠಾಣೆಗಳೆಲ್ಲ ಇವೆ:
ಎದೆ ಮೂವತ್ತೆಂಟು, ತೋಳು ಇಪ್ಪತ್ತನಾಲ್ಕೂವರೆ.
ಹೊಟ್ಟೆಯನ್ನು ಮಾತ್ರ ವರ್ಷಕ್ಕೊಮ್ಮೆ ತಿದ್ದಿಕೊಳ್ಳುತ್ತೇನೆ.

ಬಗಲಿಗೆ ಒಂದಿಂಚು ಸಡಿಲ ಬಿಡು,
ಕೈ ಎತ್ತಿದರೆ ಹರಿಯಬಾರದು,
ಅಂತ ಅಪ್ಪ ಹೇಳಿಕೊಟ್ಟಿದ್ದ.
ಕೈ ಎತ್ತುವುದು ಸಲ್ಯೂಟಿಗೆ ಅಂತಲೇ
ಇಷ್ಟು ವರ್ಷ ನಾನು ತಿಳಿದದ್ದು.

ಸೋಮವಾರ ಬಿಸಿಯೂಟದವರ ಮೆರವಣಿಗೆ.
ನನ್ನ ಹೆಂಡತಿ ರುಕ್ಮಾಬಾಯಿಯೂ ಹೋಗಿದ್ದಳು,
ಹದಿನಾರು ವರ್ಷದಿಂದ ಇನ್ನೂರು ಮಕ್ಕಳಿಗೆ ಸಾರು ಕುದಿಸುವವಳು,
ಮೂರು ತಿಂಗಳಿಂದ ಸಂಬಳ ಕಾಣದವಳು.
ಡಬ್ಬಿಯಲ್ಲಿ ಚಿತ್ರಾನ್ನ. ಒಂದು ಕೈಲಿ ತಟ್ಟೆ, ಇನ್ನೊಂದರಲ್ಲಿ ಸೌಟು,
ಘೋಷಣೆಗೆ ತಾಳ ಬೇಕಲ್ಲ.
ಆ ಸೌಟನ್ನು ಆಮೇಲೆ ಕಾಗದದಲ್ಲಿ
ಆಯುಧ ಅಂತ ಬರೆದುಕೊಂಡರಂತೆ.

ಡಿಸಿ ಆಫೀಸಿನ ಗೇಟಿನಲ್ಲಿ ಏನಾಯಿತು?
ಯಾರೋ ಕಲ್ಲು ಎಸೆದರು ಅಂತ ಒಬ್ಬರು.
ಕಲ್ಲೂ ಇಲ್ಲ ಮಣ್ಣೂ ಇಲ್ಲ, ಬ್ಯಾರಿಕೇಡು ತಾನೇ ಬಿತ್ತು ಅಂತ ಇನ್ನೊಬ್ಬರು.
ರುಕ್ಮಾ ಹೇಳುವುದು ಇಷ್ಟೇ:
"ಓಡಿ ಓಡಿ ಅಂದ್ರು. ಓಡಕ್ಕೆ ಜಾಗ ಬಿಡ್ಲಿಲ್ಲ."
ಮೆಗ್ಗಾನಿನಲ್ಲಿ ಎಡ ಮುಂಗೈಗೆ ಪ್ಲಾಸ್ಟರು.
ಹೊಡೆದವರ ಹೆಸರು ಗೊತ್ತೇನಮ್ಮ ಅಂತ ಬರೆದುಕೊಳ್ಳುವವನು ಕೇಳಿದ.
"ಹೆಸರು ಇರ್ಲಿಲ್ಲ. ಎದೆ ಮೇಲೆ ಎರಡು ತೂತಿದ್ವು."
ಅವನು ಪೆನ್ನಿನ ಮುಚ್ಚಳ ಹಾಕಿದ.

ಗುರುವಾರ ಹಾಲೇಶ ಬಂದ, ಚೀಲದಲ್ಲಿ ಅಂಗಿ.
"ಬಗಲು ಬಿಟ್ಟಿದೆ ಅಣ್ಣ, ನಾಲ್ಕು ಹೊಲಿಗೆ ಹಾಕ್ಕೊಡಿ."
ತುಂಗೆ ಉಕ್ಕಿದ ವರ್ಷ ಕುಂಬಾರಗುಂಡಿಯಲ್ಲಿ
ನನ್ನ ಆಯಿಯನ್ನು ಹೆಗಲ ಮೇಲೆ ಕೂರಿಸಿಕೊಂಡು
ಸೊಂಟದ ನೀರಲ್ಲಿ ನಡೆದವನು ಇವನೇ.
ಅವತ್ತೂ ಇದೇ ಅಂಗಿ. ಅಲ್ಲ, ಇದರ ಹಿಂದಿನದು.

ಬೆಳಕಿಗೆ ಹಿಡಿದೆ. ಜೇಬಿನ ಮೇಲೆ
ಸೂಜಿ ಹೊಕ್ಕ ಎರಡು ತೂತು, ನಡುವೆ ಮಾಸದ ಒಂದು ಪಟ್ಟಿ,
ಬೆಳ್ಳುಳ್ಳಿ ಸಿಪ್ಪೆಯಷ್ಟು ಹೊಸ ಖಾಕಿ.
"ಹೆಸರೆಲ್ಲಿ?"
"ಬಿಚ್ಚಿಡಿ ಅಂದ್ರು. ವ್ಯಾನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇಟ್ಟಿದ್ರು,
ಎಲ್ರೂ ಅದರೊಳಗೆ ಹಾಕಿದ್ವಿ.
ವಾಪಸ್ ಕೊಡೋವಾಗ ಅದಲು ಬದಲಾಗಿ
ಎರಡು ದಿನ ನಾನು ಬಸವಂತಪ್ಪ ಆಗಿದ್ದೆ."
ನಗಲು ನೋಡಿದ. ನಾನು ನಗಲಿಲ್ಲ.

"ಅತ್ತಿಗೆ ಹುಷಾರಾ?"
"ಕೈ ಮುರಿದಿದೆ."
ನೆಲದ ಮೇಲೆ ಬಿದ್ದ ಚಾಕಿನ ಚೂರನ್ನು
ಬೂಟಿನ ತುದಿಯಿಂದ ಸರಿಸಿದ, ಮತ್ತೆ ಸರಿಸಿದ.
"ನಾನು ಹಿಂದಿನ ಸಾಲಲ್ಲಿದ್ದೆ ಅಣ್ಣ."

ಯಾರಾದರೂ ಹಿಡಿದೆಳೆದರೆ ಹೊಲಿಗೆ ಅಡ್ಡಕ್ಕೆ ಬಿಡುತ್ತದೆ.
ಕೈ ಎತ್ತಿ ಬೀಸಿದರೆ ಕೆಳಗಿನಿಂದ ಮೇಲಕ್ಕೆ.
ಇದು ಕೆಳಗಿನಿಂದ ಮೇಲಕ್ಕೆ ಬಿಟ್ಟಿತ್ತು.
ಒಂದು ಏಟಿಗೆ ಬಿಡುವ ಹೊಲಿಗೆಯಲ್ಲ ನನ್ನದು.
ಅಷ್ಟು ಗೊತ್ತು ನನಗೆ. ಅದಕ್ಕಿಂತ ಹೆಚ್ಚು ಗೊತ್ತಿಲ್ಲ,
ಆ ಏಟು ಯಾರ ಮೇಲೆ ಬಿತ್ತು ಅನ್ನುವುದು
ಯಾವ ಟೇಪಿನಲ್ಲೂ ಸಿಗುವುದಿಲ್ಲ.
"ಶನಿವಾರ ಬಾ" ಅಂದೆ.

ರಾತ್ರಿ ಆಯಿ ಕೇಳಿದಳು:
"ಆ ಹುಡುಗ ಬಂದಿದ್ನಂತೆ, ಮನೆಗೆ ಯಾಕೆ ಕರೀಲಿಲ್ಲ?"
ಒಂದೇ ಕೈಲಿ ಅನ್ನ ಬಡಿಸುತ್ತಿದ್ದ ರುಕ್ಮಾ
ತಟ್ಟೆಯಂಚಿಗೆ ಸೌಟು ತಾಗದ ಹಾಗೆ ಬಡಿಸಿದಳು.

ಹನ್ನೊಂದಕ್ಕೆ ಬೀಟಿನವರ ಸೀಟಿ.
ಮೊದಲೆಲ್ಲ ಅದು ಕೇಳಿದ ಮೇಲೆಯೇ
ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದೆವು.
ಈಗ ಕತ್ತಲಲ್ಲಿ ಅವಳ ದನಿ:
"ಚಿಲಕ ಹಾಕಿದ್ರಾ?"
ಹಾಕಿದ್ದೆ. ಆದರೂ ಎದ್ದು ಹೋಗಿ
ಇನ್ನೊಮ್ಮೆ ಮುಟ್ಟಿ ನೋಡಿದೆ.

ಅಂಗಿ ಇನ್ನೂ ಗೂಟದ ಮೇಲಿದೆ.
ಬಗಲಿಗೆ ಎಷ್ಟು ಸಡಿಲ ಬಿಡಬೇಕು,
ಹೇಳಲು ಅಪ್ಪ ಇಲ್ಲ.