ಗುರುವಾರದವರು

ಚಿತ್ತಾಪುರದ ಟಂಟಂ ಇಳಿದು ಮೂವರು ಬಂದರು:
ಕಾಲು ನೋಡಾಕಿ, ಮಾತು ಕಲಿಸಾಂವ,
ಹಿಂದ ಅಂಗನವಾಡಿ ಕಸ್ತೂರಿಬಾಯಿ, ತೂಕದ ಜೋಳಿಗಿ ಹೆಗಲಿಗೆ.
ಫರಸಿ ಮ್ಯಾಲ ಕೌದಿ ಹಾಸಿದೆ.

ಚಾ ಬ್ಯಾಡ ಅಂದಾಕಿ
ನನ್ನ ಜಗುನ ಹಿಮ್ಮಡ ಹಿಡಕೊಂಡು ಹೊತ್ತು ಮರೆತಳು.
ಮಾತಿನ ಮಾಸ್ತರ ಗಂಟಿ ಬಾರಿಸಿದ, ಬಲಕ್ಕೊಮ್ಮೆ, ಎಡಕ್ಕೊಮ್ಮೆ.
ಹೊಳ್ಳಿ ನೋಡಲಿಲ್ಲ ಕೂಸು.
ನಾ ಗ್ವಾಡಿ ನೋಡಿದೆ.

ಒಳಗ ಅತ್ತಿ ರೊಟ್ಟಿ ಬಡೀಲತ್ತಿದ್ಲು,
ತಪ್, ತಪ್, ತಪ್—
ಕಿವೀಲೆ ಕೇಳಿತೋ, ಫರಸಿಯೊಳಗ ಹಾದು ಬೆನ್ನಿಗೆ ಬಂತೋ,
ಕುತ್ತಿಗಿ ಹೊಳ್ಳಿತು.

ಹಿಮ್ಮಡ ಹಿಡಿದಾಕಿ ಬಿಡಲಿಲ್ಲ. ಕಸ್ತೂರಿಬಾಯಿ ಬರಕೊಂಡಳು.
ಮಾಸ್ತರ ಗಂಟಿ ಚೀಲಕ್ಕ ಹಾಕಿ
ಪರಾತದ ಮುಂದ ಹೋಗಿ ಕುಂತ:
"ಅವ್ವಾ, ನಾಳಿಂದ ಇವನ ಬಾಜೂಕ ಕುಂತು ಬಡೀತೀರೇನು?"

"ನಾಳಿ ಯಾಕ್ರೀ? ಹಿಟ್ಟಿನ್ನೂ ಅದ."