ಒತ್ತಕ್ಷರ

ಜುಲೈ ತಿಂಗಳ ಒಂದು ಮಂಗಳವಾರ, ಊಟದ ಹೊತ್ತಿಗೆ
ಟಿಲರಿಗೆ ಜೊತೆಗಾರ ಸಿಕ್ಕ.
ರೇಡಿಯೊ ಹೆಸರು ಹೇಳಿತು, ಮತ್ತೊಮ್ಮೆ ಹೇಳಿತು,
ಎರಡು ಸಲವೂ ಬೇರೆ ಬೇರೆ ಥರ.
ಆರ್ವಿಡ್ ಕನ್ನಡಕವನ್ನು ಹಣೆಗೇರಿಸಿ
ಚೀಟಿಯ ಮೇಲೆ ಬರೆದುಕೊಟ್ಟ. ಇಂಗ್ಲಿಷಿನಲ್ಲಿ ಹತ್ತು ಅಕ್ಷರ.
ನಾನು ಪಕ್ಕದಲ್ಲಿ ಕನ್ನಡದಲ್ಲಿ ಗೀಚಿಕೊಂಡೆ:
ಪ್ಷಿಬಿಲ್ಸ್ಕಿ.
"ಎರಡಡಿ ಹಲಗೆಯಲ್ಲಿ ಇದನ್ನು ಹೇಗೆ ಕೂರಿಸುತ್ತೀಯೋ ನೋಡು."

ಕೂರಿಸಿದೆ. ಗದಗಿನ ಅಚ್ಚುಕೂಟದಲ್ಲಿ ಹನ್ನೊಂದು ವರ್ಷ
ಮೊಳೆ ಜೋಡಿಸಿದ ಬೆರಳುಗಳು ಇವು;
ಲಗ್ನಪತ್ರಿಕೆ, ಹರಾಜಿನ ನೋಟೀಸು,
ಪುರಸಭೆ ಚುನಾವಣೆಯ ಗುಲಾಬಿ ಕರಪತ್ರ.
ಈಗ ವಿಸ್ಕಾನ್ಸಿನ್ನಿನ ಲಾ ಕ್ರಾಸ್,
ಮಿಸಿಸಿಪ್ಪಿಗೆ ಬೆನ್ನು ಕೊಟ್ಟು ಕೂತ ಶೆಡ್ಡು,
ಹುಲ್ಲಂಗಳದಲ್ಲಿ ನೆಡುವ ಪ್ಲಾಸ್ಟಿಕ್ ಹಲಗೆ,
ಒಂದೊಂದಕ್ಕೂ ಎರಡೆರಡು ತಂತಿಕಾಲು.

ಮೇಲೆ ಟಿಲರಿ: ಮೂರಕ್ಷರ, ಮೂರೂ ಲಘು,
ನಾಲಿಗೆಗೆ ತೂಕವೇ ಇಲ್ಲದ ಹೆಸರು.
ಕೆಳಗೆ ಈತ, ಸ್ಟೀವನ್ಸ್ ಪಾಯಿಂಟಿನ
ಹಾಲಿನ ಸೊಸೈಟಿಯ ಮಾಜಿ ಅಧ್ಯಕ್ಷ,
ಮೈತುಂಬ ಒತ್ತು.

"ಒತ್ತಕ್ಷರದ ಹಿಂದಿಂದು ಗುರು, ತಿಳೀತಿಲ್ಲೊ?"
ಐದನೇ ಇಯತ್ತೆಯ ಅಕ್ಕೋರು ಮೇಜು ಬಡಿದು ಕೇಳುತ್ತಿದ್ದರು.
ಒತ್ತು ಬಂದು ಮಗ್ಗುಲಲ್ಲಿ ನಿಂತರೆ ಸಾಕು
ಹಗುರಿದ್ದ ಅಕ್ಷರ ತೂಗತೊಡಗುತ್ತದೆ.
ಗುರು ಅಂದರೆ ಹಿರಿಮೆಯೋ ಹೊರೆಯೋ,
ಅಷ್ಟರಲ್ಲಿ ಗಂಟೆ ಹೊಡೆದಿತ್ತು.

ಆಗಸ್ಟಿನಿಂದ ಫೋನು ಶುರು.
ಸ್ಟೀವನ್ಸ್ ಪಾಯಿಂಟಿನವರು: "ನಮ್ಮವನ ಹೆಸರು
ಇರುವೆ ಸಾಲಿನ ಹಾಗಿದೆ, ದೊಡ್ಡದು ಮಾಡಿ."
ಮಿಲ್ವಾಕಿಯ ಆಫೀಸಿನವರು: "ಇನ್ನೂ ಸ್ವಲ್ಪ ಸಣ್ಣದಾಗುತ್ತದೆಯೇ?"
ಹಳೆಯ ಟೇಪೊಂದು ಸಿಕ್ಕಿತ್ತು. ಯಾವುದೋ ಸಭೆಯಲ್ಲಿ ಆತ
"ಪೇಟೆಯವರ ಪಾಲಿಗೆ ಹಾಲು ಹುಟ್ಟುವುದೇ ಬಾಟಲಿಯಲ್ಲಿ" ಎಂದು ನಕ್ಕಿದ್ದ.
ಪೇಟೆ ನಗಲಿಲ್ಲ.
ಹಳ್ಳಿ ಅಕ್ಟೋಬರ್ ತನಕ ನಗುತ್ತಲೇ ಇತ್ತು.
ಎರಡು ಪರ್ಸೆಂಟು ತರುತ್ತಾನೆ, ಒಂದೂವರೆ ಕಳೆಯುತ್ತಾನೆ
ಎಂದು ಟಿವಿಯವರು ಕೂಡಿಸಿದರು, ಕಳೆದರು.
ಆರ್ವಿಡ್ ಮಸಿ ಕಲಕುತ್ತ ಅಂದ:
"ಮದುಮಗನ ಪಕ್ಕ ನಿಂತ ಗೆಳೆಯನನ್ನು ಯಾರು ನೋಡುತ್ತಾರೆ?
ಕುಡಿದು ಬಿದ್ದರೆ ನೋಡುತ್ತಾರೆ."
ನಾನೂ ನನ್ನ ಗಾದೆ ಹೇಳಹೋದೆ,
ಎತ್ತು ಏರಿಗೆ, ಕೋಣ ನೀರಿಗೆ.
ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ
ಕೋಣ ನೀರಿನಲ್ಲೇ ಉಳಿಯಿತು.

ಹಲಗೆ ತಲುಪಿಸಲು ವ್ಯಾನಿನಲ್ಲಿ ಹೋದ ದಿನ
ಒನಲಾಸ್ಕದ ಒಂದು ಅಂಗಳದಲ್ಲಿ
ನರ್ಸ್ ಮಾರ್ವೆಲ್ ಓಡೆಗಾರ್ಡ್, ನಿವೃತ್ತೆ,
ಕೆಳಗಿನ ಹೆಸರನ್ನು ಕತ್ತರಿಯಲ್ಲಿ
ಬ್ಯಾಂಡೇಜು ಕತ್ತರಿಸಿದಷ್ಟು ನೀಟಾಗಿ ತೆಗೆದಿದ್ದಳು.
ಎರಡು ಮೈಲಿ ಆಚೆ, ದನದ ಕೊಟ್ಟಿಗೆಯ ಪಕ್ಕ,
ಯಾರೋ ಮೇಲಿನದನ್ನು ಗರಗಸದಲ್ಲಿ ಕೊಯ್ದಿದ್ದರು.

ನವೆಂಬರಿನಲ್ಲಿ ನನ್ನದು ಮೊದಲ ಓಟು.
ಚರ್ಚಿನ ನೆಲಮಾಳಿಗೆ, ಕಾಫಿ ವಾಸನೆ, ದಾರ ಕಟ್ಟಿದ ಪೆನ್ನು.
ಕಾಗದದಲ್ಲಿ ಹೆಸರು ಎರಡು,
ತುಂಬಬೇಕಾದ ಸೊನ್ನೆ ಒಂದೇ.
ಮಾರ್ವೆಲ್ ಇಲ್ಲಿ ಕತ್ತರಿ ಎಲ್ಲಿ ಇಡುತ್ತಾಳೆ
ಎಂದುಕೊಳ್ಳುತ್ತ ತುಂಬಿದೆ.

ನಮ್ಮ ರಾಜ್ಯ ಗೆದ್ದರು, ದೇಶ ಸೋತರು.
ಅವನಿಂದಲೇ ಗೆದ್ದದ್ದು ಎಂದರು, ಅವನಿಂದಲೇ ಸೋತದ್ದು ಎಂದರು,
ಒಬ್ಬನೇ ಮನುಷ್ಯ ಎರಡಕ್ಕೂ ತಲೆ ಕೊಟ್ಟ.

ತಂತಿಕಾಲು ವಾಪಸು ಬರುತ್ತವೆ; ಆರ್ವಿಡ್ ಟೊಮೆಟೊ ಗಿಡಕ್ಕೆ ಇಟ್ಟುಕೊಳ್ಳುತ್ತಾನೆ.
ಹಲಗೆಗಳನ್ನು ಬಿಡಿಸುವಾಗ ಕಣ್ಣಿಗೆ ಬಿತ್ತು:
ಮೊದಲ ಕಂತಿನ ನಾನೂರರಲ್ಲಿ, ನಾನೇ ಕೂರಿಸಿದ್ದರಲ್ಲಿ,
ಪ್ಷಿಬಿಲ್ಸ್ಕಿಯ ಮೂರನೆಯ ಅಕ್ಷರ, ಜೆಡ್, ಇಲ್ಲವೇ ಇಲ್ಲ.
ನಾಲ್ಕು ತಿಂಗಳು ಬೀದಿಬೀದಿಯಲ್ಲಿ ನಿಂತಿದ್ದವು.
ಅಷ್ಟು ಫೋನು ಬಂದವು, ಇದಕ್ಕೆ ಒಂದೂ ಬರಲಿಲ್ಲ.

ಆರ್ವಿಡ್ ಗೆದ್ದವನಂತೆ ನಕ್ಕ. ನಾನೂ ನಗುತ್ತ ಎಣಿಸುತ್ತಿದ್ದೆ.
ರಾಶಿಯ ತಳದಲ್ಲಿ, ಕೆಸರು ಮೆತ್ತಿದ ಒಂದರಲ್ಲಿ,
ಯಾರೋ ಕಪ್ಪು ಮಾರ್ಕರಿನಿಂದ
ಎರಡು ಅಕ್ಷರಗಳ ನಡುವೆ, ಜಾಗ ಸಾಲದೆ ಸ್ವಲ್ಪ ಕೆಳಗೆ,
ಒತ್ತು ಕೊಟ್ಟ ಹಾಗೆ
ಆ ಜೆಡ್ಡನ್ನು ಬರೆದು ಸೇರಿಸಿದ್ದರು.