ಒಂದು ಒತ್ತಕ್ಷರದ ಸಲುವಾಗಿ

ಇನ್ನೂರ ಅರವತ್ತು ಕಾಗದ ವಾಪಸು ಬಂದುವು.
ಪುಷ್ಪಲತಾ ಹೋಗಿ ಪುಷಲತಾ ಆಗಿದ್ದಳು.
ಮದುಮಗಳ ಮಾವ ಕಟ್ಟು ಮೇಜಿನ ಮೇಲಿಟ್ಟು
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ರೂಫ್ ತೆಗೆದು ನೋಡಿದೆ. ಅದರಲ್ಲಿ ಒತ್ತು ಇದೆ,
ಐತ್ತಪ್ಪಣ್ಣನ ಕೆಂಪು ಗೀಟೂ ಇದೆ.
ಫೈಲಿನಲ್ಲಿ ಇಲ್ಲ.
ಪ್ರೂಫಿಗೂ ಪ್ರಿಂಟಿಗೂ ನಡುವೆ ಎರಡು ರಾತ್ರಿ;
ಅಷ್ಟರೊಳಗೆ ಡಿಸ್ಕು ತನ್ನಷ್ಟಕ್ಕೆ
ಒಂದು ಅಕ್ಷರದ ಕಾಲು ತಿಂದು
ಬಾಯಿ ಒರೆಸಿಕೊಂಡಿತ್ತು.

ಅದಕ್ಕೇ ಈ ಶನಿವಾರ ಶಟರು ಅರ್ಧ ಇಳಿಸಿ
ಸೀತಾಂಗೋಳಿಯ ಅಂಗಡಿಯಲ್ಲಿ ಕೂತಿದ್ದೇನೆ.
ಹೊಸ ಡಿಸ್ಕು. ಪೆನ್‌ಡ್ರೈವಿನಲ್ಲಿ ಲಿನಕ್ಸು.
ಭಾಷೆ ಕೇಳಿತು. ಕನ್ನಡ ಇತ್ತು, ಒತ್ತಿದೆ.
ಊರು ಕೇಳಿತು. ಭೂಪಟದಲ್ಲಿ ಎಲ್ಲಿ ಮುಟ್ಟಿದರೂ
ಕೊಲ್ಕತ್ತಾ ಎಂದೇ ಬರೆದುಕೊಂಡಿತು.
ಇರಲಿ, ನಮ್ಮ ಪಂಚಾಯತಿನ ಅರ್ಜಿಗಿಂತ ವಾಸಿ,
ಅದು ಭಾಷೆಯನ್ನೇ ಕೇಳುವುದಿಲ್ಲ.

ಕಡತಗಳನ್ನು ಯಾವ ಬಗೆಯಲ್ಲಿಡಲಿ ಎಂದಾಗ
ಎಲ್ಲರೂ ಒತ್ತುವ ಇಎಕ್ಸ್‌ಟಿ ಫೋರನ್ನು ಬಿಟ್ಟು
ಪಟ್ಟಿಯ ಕೆಳಗೆ ಇಳಿದೆ: ಬಿಟಿಆರ್‌ಎಫ್‌ಎಸ್.
ಬಟರ್ ಅಂತಲೂ ಕರೆಯುತ್ತಾರಂತೆ, ಅಂದೆ.
"ಬೆಣ್ಣೆಯಾ? ಸೆಕೆಗೆ ಕರಗಲಿಕ್ಕಿಲ್ಲವಾ ಮಾರಾಯ್ತಿ?"
ಸ್ಟೂಲಿನಿಂದ ಐತ್ತಪ್ಪಣ್ಣ.
ನಲವತ್ತು ವರ್ಷ ಸೀಸದ ಮೊಳೆ ಜೋಡಿಸಿದವರು,
ತಿರುಗುಮುರುಗಾಗಿ ಇದ್ದರೇ
ಅವರಿಗೆ ಅಕ್ಷರ ನೆಟ್ಟಗೆ.

ಹೇಳಿದೆ: ಇದು ಹಳೆಯದರ ಮೇಲೆ ಬರೆಯುವುದಿಲ್ಲ.
ಪಕ್ಕದಲ್ಲಿ ಬರೆದು, ಪೂರ್ತಿ ಆದ ಮೇಲೆ
ತೋರುವ ಬೊಟ್ಟನ್ನು ಇತ್ತ ತಿರುಗಿಸುತ್ತದೆ.
ನಡುವೆ ಕರೆಂಟು ಹೋದರೆ ಹಳೆಯದು ಇದ್ದ ಹಾಗೇ.
"ನಾವು ಕೂಡಾ ಹಾಗೆಯೇ. ಹೊಸ ಫಾರ್ಮು ಬಿಗಿಯುವ ತನಕ
ಹಳೆಯದರ ಮೊಳೆ ಬಿಚ್ಚುತ್ತಿರಲಿಲ್ಲ."
ಮತ್ತೆ, ಪ್ರತಿ ತುಂಡಿಗೂ ಒಂದು ಲೆಕ್ಕ ಬರೆದಿಡುತ್ತದೆ,
ಓದುವಾಗ ತಾಳೆ ನೋಡಿ, ತಪ್ಪಿದರೆ ಕೂಗುತ್ತದೆ.
ಅದಕ್ಕವರು ಏನೂ ಅನ್ನಲಿಲ್ಲ.
ಕನ್ನಡಕ ಒರೆಸಿದರು.

ಹತ್ತೂವರೆಗೆ ಏಳಿಸಿದರೆ ಕಪ್ಪು ಪರದೆ.
ಬೇರು ಸಿಗುತ್ತಿಲ್ಲ ಎಂದಿತು.
ಬೇರನ್ನು ಒಂದು ಒಳಖಾನೆಯಲ್ಲಿಟ್ಟವಳು ನಾನೇ,
ಅದರ ಹೆಸರನ್ನು ಪಟ್ಟಿಗೆ ಬರೆಯಲು ಮರೆತವಳೂ.
ಹೆಸರೇನು ದೊಡ್ಡದಲ್ಲ, ಒಂದು ಅಟ್ ಚಿಹ್ನೆ.
ಒತ್ತು ತಿಂದ ಡಿಸ್ಕಿಗೆ ವಾರವಿಡೀ ಬೈದಿದ್ದೆ.
ಪುನಃ ಪೆನ್‌ಡ್ರೈವು, ಪುನಃ ಕಟ್ಟಂಚಾಯ.
ಎದ್ದಿತು.

ಹಳೆಯ ಫೈಲುಗಳನ್ನೆಲ್ಲ ಸುರಿದೆ:
ಗೃಹಪ್ರವೇಶ, ನಿಖಾಹು, ಬೇಳ ಇಗರ್ಜಿಯ ಹಬ್ಬದ ಚೀಟಿ,
ಕೊನೆಗೆ ಪುಷಲತಾ.
ತಪಾಸಣೆಗೆ ಹಚ್ಚಿದೆ. ತಪ್ಪು: ಸೊನ್ನೆ.

ಹೌದಲ್ಲ.
ಕೊಟ್ಟದ್ದನ್ನು ಕೊಟ್ಟ ಹಾಗೆ ಕಾಯುವುದಷ್ಟೇ ಅದರ ಕೆಲಸ.
ಕಾಲು ಹೋದ ಅಕ್ಷರಕ್ಕೂ ಇನ್ನು ಮೇಲೆ
ಹಗಲಿರುಳು ಕಾವಲು.
ಹದಿನಾಲ್ಕು ವರ್ಷದ ಹೆಸರುಗಳಲ್ಲಿ
ಇನ್ನೆಷ್ಟು ಹೀಗೆ ಒಳಗೆ ಬಂದುವೋ.

ಐತ್ತಪ್ಪಣ್ಣ ಸ್ಟೂಲು ಹತ್ತಿರ ಎಳೆದರು.
"ಮೊದಲ ವರ್ಷದ್ದು ತೆಗೆ. ನಾನು ಕಡೆಯಿಂದ ಓದುತ್ತೇನೆ."

ವಾಪಸು ಬಂದ ಕಾಗದವೊಂದರ ಬೆನ್ನಿಗೆ
ಆ ಅಟ್ ಚಿಹ್ನೆಯ ಸಾಲು ಬರೆದು
ಮಾನಿಟರಿನ ಅಂಚಿಗೆ ಅಂಟಿಸಿ
ಶಟರು ಪೂರ್ತಿ ಇಳಿಸಿದೆ, ಒಳಗಿನಿಂದ.